ಗುಟ್ಟಿನ ಗಿರಾಕಿಗಳ ವಸೂಲಿ

ನಮ್ಮ ಚಿಕ್ಕಪ್ಪ ಏನು ಕೆಲಸ ಮಾಡುತ್ತಾರೆಂದು ಎಂಟು ತಿಂಗಳು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುವುದು, ಸಂಜೆ ಒಂದು ಕೊಡೆಯನ್ನೋ ಒಂದು ಜೊತೆ ಕಾಲುಚೀಲವನ್ನೋ ಹಿಡಿದುಕೊಂಡು ಬರುವುದು. ಆರನೆಯ ಕೊಡೆ ಬಂದ ದಿನ ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಮನೇಲಿರೋದು ಮೂರು ತಲೆ. ಆರು ಕೊಡೆ ಯಾಕ್ರೀ?"

ಚಿಕ್ಕಪ್ಪ ಬಾಯಿ ಬಿಡಲೇಬೇಕಾಯಿತು. ಅವರು ಗುಟ್ಟಿನ ಗಿರಾಕಿಯಂತೆ. ಒಂದು ಕಂಪನಿ ಇವರನ್ನು ಅಂಗಡಿ ಅಂಗಡಿಗೆ ಕಳಿಸುತ್ತದೆ. ಇವರು ಸಾಮಾನ್ಯ ಗಿರಾಕಿಯ ಹಾಗೆ ಹೋಗಿ, ತಮ್ಮ ಕೈಯಿಂದಲೇ ದುಡ್ಡು ಹಾಕಿ ಏನಾದರೂ ಕೊಂಡು, ಮಾರುವವನು ನಕ್ಕನೋ ಇಲ್ಲವೋ, ಶೌಚಾಲಯದಲ್ಲಿ ಸೋಪು ಇತ್ತೋ ಇಲ್ಲವೋ ಎಂದೆಲ್ಲ ಹನ್ನೆರಡು ಪುಟದ ವರದಿ ಬರೆಯಬೇಕು. ಆಮೇಲೆ ಕಂಪನಿ ದುಡ್ಡು ಕೊಡುತ್ತದೆ. ಕೊಡುತ್ತದೆ ಎನ್ನುವುದು ಬರೀ ಮಾತು. ಮೂವತ್ತೊಂದು ಅಂಗಡಿ ತಿರುಗಿದ್ದರೂ ಬಿಡಿಗಾಸು ಬಂದಿರಲಿಲ್ಲ. ಒಂದು ವರದಿಗೆ "ಬಿಲ್ಲಿನ ಫೋಟೋದಲ್ಲಿ ನಿಮ್ಮ ಹೆಬ್ಬೆರಳು ಕಾಣುತ್ತಿದೆ, ಆದ್ದರಿಂದ ತಿರಸ್ಕರಿಸಲಾಗಿದೆ" ಎಂಬ ಉತ್ತರ. ಹೆಬ್ಬೆರಳಿಲ್ಲದೆ ಬಿಲ್ಲು ಹಿಡಿಯುವುದು ಹೇಗೆ, ಹಲ್ಲಲ್ಲಿ ಕಚ್ಚಿಕೊಂಡೇ? ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಪ್ಪ ಮಾತ್ರ, "ಅವರು ಹೇಳೋದೂ ಸರಿ ಕಣಮ್ಮ, ಉಗುರು ಸ್ವಲ್ಪ ಉದ್ದ ಇತ್ತು" ಎಂದರು.

ಚಿಕ್ಕಮ್ಮ ಗಡುವು ಹಾಕಿದಳು. ಶುಕ್ರವಾರದೊಳಗೆ ದುಡ್ಡು ಕೈಗೆ ಬರಬೇಕು. ಇಲ್ಲವಾದರೆ ಸೋಮವಾರದಿಂದ ಚಿಕ್ಕಪ್ಪ ಅವಳ ಅಣ್ಣನ ಟೈಲ್ಸ್ ಅಂಗಡಿಯ ಗಲ್ಲಾದಲ್ಲಿ ಕೂರಬೇಕು. ಆ ಅಣ್ಣ ಎಂಥವನೆಂದರೆ, ನಾಲ್ಕು ಜನ ಸೇರಿದ ಕಡೆಯೆಲ್ಲ "ನಮ್ಮ ಭಾವ ಏನು ಮಾಡ್ಕೊಂಡಿದಾರೆ ಅಂತ ಪಾಪ ಅವರಿಗೇ ಗೊತ್ತಿಲ್ಲ" ಎಂದು ಹಲ್ಲು ಕಿರಿಯುವವನು. "ಆ ಗಲ್ಲಾದಲ್ಲಿ ಕೂತ ದಿನ ನನ್ನ ಮರ್ಯಾದೆ ಮಣ್ಣುಪಾಲು" ಎಂದು ಚಿಕ್ಕಪ್ಪ ನನ್ನ ಹತ್ತಿರ ಮೆಲ್ಲಗೆ ಹೇಳಿಕೊಂಡರು.

ಶುಕ್ರವಾರ ನಾವು ಮೂವರೂ ಕಂಪನಿಯ ಕಚೇರಿಗೆ ಹೊರಟೆವು. ಬಸ್ಸಿನಲ್ಲಿ ಚಿಕ್ಕಪ್ಪ ಹೊಸದೊಂದು ವಿಷಯ ತೆಗೆದರು. ಕರಾರಿನಲ್ಲಿ ಹದಿನಾಲ್ಕನೆಯ ನಿಯಮ ಒಂದಿದೆ. "ನಾನು ಗುಟ್ಟಿನ ಗಿರಾಕಿ" ಎಂದು ಮೂರನೆಯವರ ಕಿವಿಗೆ ಬೀಳುವಂತೆ ಎಲ್ಲಿಯೇ ಹೇಳಿದರೂ, ಕಂಪನಿಯ ಕಚೇರಿಯಲ್ಲೇ ಹೇಳಿದರೂ, ಬಾಕಿಯೆಲ್ಲ ರದ್ದು.

"ಹಾಗಾದ್ರೆ ಅಲ್ಲಿ ಹೋಗಿ ಏನಂತ ಕೇಳ್ತೀರಿ?" ಎಂದಳು ಚಿಕ್ಕಮ್ಮ.

"ಉಪಾಯ ಮಾಡಿದೀನಿ" ಎಂದರು ಚಿಕ್ಕಪ್ಪ.

ಕಚೇರಿ ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿತ್ತು. ಏದುಸಿರು ಬಿಡುತ್ತಾ ಹತ್ತಿದರೆ, ಒಂದು ಇಕ್ಕಟ್ಟಿನ ಕೋಣೆ, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಅದರಲ್ಲಿ ಎಂಟು ಜನ. ಮೇಜಿನ ಹುಡುಗಿ ತಲೆಯೆತ್ತದೆ "ಯಾರು ನೀವು?" ಎಂದಳು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, "ಕಿಟಕಿ ಪರದೆ ಅಳತೆ ತಗೊಳ್ಳೋಕೆ ಬಂದಿದೀನಿ" ಎಂದರು.

"ಕೂತ್ಕೊಳ್ಳಿ" ಎಂದಳು ಅವಳು.

ಚಿಕ್ಕಮ್ಮ ಕುರ್ಚಿಯಲ್ಲಿ ಕುಸಿದಳು. "ಪರದೆಯಂತೆ! ಈ ಕೋಣೆಗೆ ಕಿಟಕಿ ಎಲ್ಲಿದೆ ರೀ?" ಎಂದು ಹಲ್ಲು ಕಚ್ಚಿದಳು.

ನಾನು ಸುತ್ತ ನೋಡಿದೆ. ಪಕ್ಕದ ಬೋಳುತಲೆಯವರು ಕೇಳದೆಯೇ, ತಾವು ಜಿರಳೆಗೆ ಔಷಧಿ ಹೊಡೆಯಲು ಬಂದವರೆಂದರು; ಕೈಯಲ್ಲಿ ಔಷಧಿಯೂ ಇಲ್ಲ, ಪಂಪೂ ಇಲ್ಲ. ಕನ್ನಡಕದ ಹೆಂಗಸು ನೀರಿನ ಫಿಲ್ಟರ್ ಮಾರುವವರಂತೆ. ಮೇಜಿನ ಹುಡುಗಿ ಆಕಳಿಸಿದಳು. ಎಂಟು ಜನವೂ ಒಟ್ಟಿಗೆ ಗಡಿಯಾರ ನೋಡಿಕೊಂಡರು, ಚಿಕ್ಕಪ್ಪನೂ ಸೇರಿ ಒಂಬತ್ತು. ಆಮೇಲೆ ಒಬ್ಬೊಬ್ಬರಾಗಿ ಶೌಚಾಲಯಕ್ಕೆ ಹೋಗಿ ಬಂದು, ಕೈ ಮೂಸಿ ನೋಡಿಕೊಂಡು, ಪುಟ್ಟ ಪುಸ್ತಕದಲ್ಲಿ ಏನೋ ಗೀಚಿಕೊಂಡರು. ಅಯ್ಯೋ ದೇವರೇ, ಎಲ್ಲರೂ ಗುಟ್ಟಿನ ಗಿರಾಕಿಗಳೇ! ಎಲ್ಲರೂ ಬಾಕಿ ಕೇಳಲು ಬಂದವರೇ, ಎಲ್ಲರೂ ವೇಷ ಹಾಕಿಕೊಂಡೇ ಬಂದವರು.

ಅಷ್ಟರಲ್ಲಿ ಒಳಗಿನ ಬಾಗಿಲು ತೆರೆದು ಮ್ಯಾನೇಜರ್ ಇಣುಕಿದ. "ಬಾಕಿ ಕೇಳೋಕೆ ಯಾರಾದ್ರೂ ಬಂದಿದೀರಾ?" ಎಂದ.

ಒಂಬತ್ತು ಜನವೂ ಸೂರು ನೋಡಿದರು.

"ಯಾರೂ ಇಲ್ಲ ಅನ್ನಿ" ಎಂದು ಆ ಮಹಾನುಭಾವ ನಗುತ್ತಾ ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ಎದ್ದು ಬಾಗಿಲಿಗೆ ಕಾಲು ಕೊಟ್ಟಳು.

"ಇರಪ್ಪಾ. ಈ ಪರದೆಯವರಿದಾರಲ್ಲ, ಇವರು ನನ್ನ ಗಂಡ. ನಿಮ್ಮ ಗುಟ್ಟಿನ ಗಿರಾಕಿ. ಮೂವತ್ತೊಂದು ಅಂಗಡಿ ಬಾಕಿ ಇದೆ, ಕೊಡಿ."

"ಅಮ್ಮಾ, ಗುಟ್ಟು ಹೇಳಿಬಿಟ್ರಲ್ಲ! ನಿಯಮ ಹದಿನಾಲ್ಕರ ಪ್ರಕಾರ..."

"ಸಹಿ ಹಾಕಿರೋದು ಅವರು, ಹೇಳಿರೋದು ನಾನು. ನನ್ನ ಸಹಿ ಎಲ್ಲಿದೆ ತೋರ್ಸಿ."

ಮ್ಯಾನೇಜರ್ ಕರಾರಿನ ಪುಟ ತಿರುವಿದ. ಮತ್ತೆ ಹಿಂದಿನಿಂದ ಮುಂದಕ್ಕೆ ತಿರುವಿದ. ಚಿಕ್ಕಮ್ಮ ಬಿಡಲಿಲ್ಲ. "ಬಿಸಿಲು ಮಳೆ ಅನ್ನದೆ ತಿರುಗಿದಾರೆ. ಸೋಪು ಇದ್ರೆ ಇದೆ, ಇಲ್ದಿದ್ರೆ ಇಲ್ಲ, ಒಂದು ಅಕ್ಷರ ಸುಳ್ಳು ಬರೆದಿಲ್ಲ ನಮ್ಮನೆಯೋರು. ಇಂಥೋರ ದುಡ್ಡು ಇಟ್ಕೊಳ್ಳೋಕೆ ನಾಚಿಕೆ ಆಗಲ್ವಾ ನಿಮಗೆ?"

ಮನೆಯಲ್ಲಿ ದಿನಬೆಳಗಾದರೆ ಬೈಸಿಕೊಳ್ಳುತ್ತಿದ್ದ ಚಿಕ್ಕಪ್ಪ ಬಾಯಿ ತೆರೆದುಕೊಂಡು ಹೆಂಡತಿಯನ್ನೇ ನೋಡುತ್ತಿದ್ದರು. ಅವರ ಕಣ್ಣು ತುಂಬಿಬಂದಿತ್ತು. ನನ್ನದೂ.

ಮ್ಯಾನೇಜರ್ ಚೆಕ್ ಬರೆದುಕೊಟ್ಟ, ಸಿಟ್ಟಿಗೆ ಒಂದು ಮಾತೂ ಸೇರಿಸಿದ. "ಇನ್ನು ಇವರ ಮುಖ ಎಲ್ಲರಿಗೂ ಗೊತ್ತಾಯ್ತು. ಇವರಿಗೆ ಕೆಲಸ ಇಲ್ಲ."

ಚೆಕ್ ಹಿಡಿದ ಚಿಕ್ಕಪ್ಪನ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಆಯಿತು. ದುಡ್ಡು ಬಂತು, ಆದರೆ ಸೋಮವಾರಕ್ಕೆ ಆ ಗಲ್ಲಾ ಬಿಟ್ಟರೆ ಗತಿಯಿಲ್ಲ.

ಹಿಂತಿರುಗಿ ನೋಡಿದರೆ ಕೋಣೆಯಲ್ಲಿ ಏಳು ಜನ ಕಿವಿಗೆ ಫೋನು ಹಚ್ಚಿದ್ದರು. "ಏ, ಸ್ವಲ್ಪ ಬೇಗ ಬಾರೇ... ಹೂಂ, ಜಗಳಕ್ಕೇ", "ಅಮ್ಮಾ, ಆಟೋ ಹಿಡಿದು ಬಂದ್ಬಿಡು", "ನಿಮ್ಮಕ್ಕನೂ ಬರ್ಲಿ ರೀ, ಅವರ ಬಾಯಿ ಜೋರು." ಫೋನು ಮಾಡದೆ ಕೂತಿದ್ದವರು ಬೋಳುತಲೆಯವರು ಒಬ್ಬರೇ. ಮೆಲ್ಲಗೆ ಎದ್ದುಬಂದರು.

"ತಂಗೀ, ನನಗೆ ಕರೆಯೋಕೆ ಮನೇಲಿ ಯಾರೂ ಇಲ್ಲಮ್ಮ."

"ಎಷ್ಟು ಅಂಗಡಿ?"

"ನಲವತ್ತು."

"ತಂಗಿ ಅಂದ ಮೇಲೆ ಆಯ್ತಲ್ಲ, ಬನ್ನಿ" ಎಂದು ಚಿಕ್ಕಮ್ಮ ಕೈಚೀಲ ಹೆಗಲಿಗೇರಿಸಿದಳು. "ನಾನಂತೂ ಎಲ್ಲೂ ಸಹಿ ಹಾಕಿಲ್ಲ."

ಆಗಲೇ ಅವಳ ಫೋನು ಬಡಿದುಕೊಂಡಿತು. ಟೈಲ್ಸ್ ಅಂಗಡಿಯ ಅಣ್ಣ. ಸೋಮವಾರ ಭಾವನನ್ನು ಎಷ್ಟು ಗಂಟೆಗೆ ಕಳಿಸುತ್ತೀಯ ಎಂದು ಅವನು ಕೇಳಿದ್ದು ನನಗೂ ಕೇಳಿಸಿತು. ಚಿಕ್ಕಪ್ಪ ನೆಲ ನೋಡಿದರು.

"ಅವರು ಬರಲ್ಲ ಕಣಣ್ಣ" ಎಂದಳು ಚಿಕ್ಕಮ್ಮ. "ನಾವಿಬ್ಬರೂ ಬಾಕಿ ವಸೂಲಿ ಕೆಲಸ ಹಿಡಿದಿದೀವಿ. ಈಗ ಬಿಡುವಿಲ್ಲ, ಇಡ್ತೀನಿ."

ಫೋನು ಇಟ್ಟು ಗಂಡನ ಕಡೆ ತಿರುಗಿದಳು. "ನಿಂತೇ ಇದೀರಲ್ಲ! ಪೆನ್ನು ತೆಗೀರಿ. ಯಾರ್ಯಾರದು ಎಷ್ಟು ಬಾಕಿ ಅಂತ ನೀವು ಬರ್ಕೊಳ್ಳಿ, ನಾನು ಕೂಗ್ತೀನಿ."