ಬಾವಿ ಪಕ್ಕದ ಮರಗಳು

ನಿವೃತ್ತ ಇಂಗ್ಲಿಷ್ ಮೇಷ್ಟರು ವಿಲ್ ಬರೆಯಲು ಕೂತರೆ ಆಗುವ ಅನಾಹುತವೇ ಇದು: ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ತಿಪಟೂರಿನ ವಕೀಲರು ಕಳಿಸಿದ್ದ ಇಂಗ್ಲಿಷ್ ಕರಡಿನಲ್ಲಿ ‘ಬಿಕ್ವೀದ್’ ಎಂಬ ಕ್ರಿಯಾಪದವಿತ್ತು. ತನ್ನ ಕಾಲಾನಂತರ ಇಂಥದ್ದು ಇಂಥವರಿಗೆ ಸೇರಲಿ ಎಂದು ಕೊಟ್ಟುಹೋಗುವುದು ಅಂತ ಅರ್ಥ. ಆಸ್ತಿ ಹಂಚುವುದನ್ನು ಬಿಟ್ಟು ನಿಘಂಟು ತೆಗೆದೆ. ಹೆಂಡತಿ ನಿಟ್ಟುಸಿರಿಟ್ಟು ಒಳಗೆ ಹೋದಳು.

‘ಇನ್ಹೆರಿಟ್’ ಲ್ಯಾಟಿನ್ ಕುಲದ್ದು, ಪಡೆಯುವವರ ಪದ. ‘ಬಿಕ್ವೀದ್’ ಕೊಡುವವರ ಪದ. ಹಳೆಯ ಇಂಗ್ಲಿಷಿನಲ್ಲಿ ಇದರ ಬೇರಿಗೆ ‘ಹೇಳು’ ಎಂದಷ್ಟೇ ಅರ್ಥವಂತೆ. ಸ್ಟಾಂಪ್ ಪೇಪರಿನ ಗೋಜಿಲ್ಲದ ಆ ಜನಕ್ಕೆ ಬಾಯಿಬಿಟ್ಟು ಹೇಳಿದರೆ ಕೊಟ್ಟಂತೆಯೇ ಆಗುತ್ತಿತ್ತೇನೋ. ಓದುತ್ತಿದ್ದಂತೆ ದಬ್ಬೇಘಟ್ಟದ ನಮ್ಮ ತೋಟದ ಬಾವಿ ನೆನಪಾಯಿತು.

ಬಾವಿ ಪಕ್ಕದ ಮೂರು ತೆಂಗಿನ ಮರಗಳನ್ನು ನಮ್ಮಪ್ಪ, ಅಕ್ಕನ ಮದುವೆಯಾದ ವರ್ಷ, ಅವಳ ಅರಿಶಿನ ಕುಂಕುಮಕ್ಕೆ ಎಂದು ಹೇಳಿಬಿಟ್ಟಿದ್ದರು. ಕಾಗದವಿಲ್ಲ, ಸಹಿಯಿಲ್ಲ. ಅಂದಿನಿಂದ ಕಾಯಿ ಕೆಡವಿದಾಗಲೆಲ್ಲ ಆ ಮರಗಳದ್ದು ಬೇರೆ ಗುಡ್ಡೆ, ಅಟ್ಟದಲ್ಲೂ ಬೇರೆ ಮೂಲೆ. ಒಣಗಿ ಕೊಬ್ಬರಿಯಾದ ಮೇಲೆ ಕಂದಿಕೆರೆಗೆ, ಅಕ್ಕನ ಮನೆಗೆ ಹೋಗುತ್ತದೆ. ಅಪ್ಪನ ಮಾತನ್ನು ಕಿವಿಯಾರೆ ಕೇಳಿದವರಲ್ಲಿ ಈಗ ಉಳಿದಿರುವುದು ಅಕ್ಕ ಮತ್ತು ನಾನು. ತೋಟ ನನ್ನ ಮಗಳಿಗೆ ಸೇರಲಿದೆ. ನಾನು ಹೋದಮೇಲೂ ಆ ಗುಡ್ಡೆ ಬೇರೆ ಬೀಳುತ್ತದೆಯೇ? ನನಗೆ ದಿಗಿಲಾಯಿತು.

ಆ ಮರಗಳನ್ನೂ ವಿಲ್‌ನಲ್ಲಿ ಸೇರಿಸಬೇಕೆಂದು ವಕೀಲರಿಗೆ ತಿಳಿಸಿ, ಅಕ್ಕನಿಗೆ ಫೋನ್ ಮಾಡಿದೆ. ನಿಘಂಟಿನ ಪಾಂಡಿತ್ಯವನ್ನೂ ಒಂದಿಷ್ಟು ಬಡಿಸಿದೆ. ಅವಳು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡಳು.

“ನೀನು ಬರುದ್ರೆ ನೀನು ಕೊಟ್ಟಂಗಾಯ್ತದೆ ಕಣ್ಲಾ. ಅಪ್ಪ ಕೊಟ್ಟಂಗೇ ಇರ್ಲಿ ಬುಡು.”

ಫೋನ್ ಕೆಳಗಿಟ್ಟೆ. ಅಪ್ಪನ ಕೈಯಿಂದ ಪಡೆದದ್ದನ್ನು ತಮ್ಮನ ಕೈಯಿಂದ ಇನ್ನೊಮ್ಮೆ ಪಡೆಯುವುದು ಅವಳಿಗೆ ಬೇಡವಾಗಿತ್ತು. ಅಷ್ಟು ಹೊತ್ತು ಉಪಕಾರ ಮಾಡುತ್ತಿದ್ದೇನೆಂದು ಬೀಗುತ್ತಿದ್ದ ನನಗೆ ನಾಚಿಕೆಯೂ ಆಯಿತು, ಅಕ್ಕನ ಮೇಲೆ ಪ್ರೀತಿಯೂ ಉಕ್ಕಿತು.

ಭಾನುವಾರ ಕಾಯಿ ಕೆಡವಿಸುವಾಗ ಮಗಳನ್ನು ಬಾವಿಯ ಹತ್ತಿರ ಕರೆದೊಯ್ದು, ಅವಳ ತಾತ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಹೇಳಿದೆ. ಪಾಠ ಮಾಡುವ ಚಟ ನೋಡಿ, ಇಂಗ್ಲಿಷ್ ಪದದ ಕಥೆಗೂ ಬಾಯಿ ತೆರೆದೆ. ಅವಳು ಅದಕ್ಕೆ ಕಾಯಲಿಲ್ಲ. ಕಾಯಿ ಆಯುತ್ತಿದ್ದವರ ಕಡೆ ತಿರುಗಿ, “ಅವು ನಮ್ಮತ್ತೇವು ಕಣಪ್ಪ, ಬೇರೆ ಹಾಕಿ” ಎಂದಳು.

ಮೊನ್ನೆ ವಕೀಲರು ನಾನು ತಿದ್ದಿಕೊಟ್ಟ ಕರಡನ್ನು ತಿರುವಿಹಾಕಿ, ಮರಗಳ ವಿಷಯ ಸೇರಿಸಬೇಕು ಅಂದಿದ್ದಿರಿ, ಎಲ್ಲೂ ಬರೆದೇ ಇಲ್ಲವಲ್ಲ ಎಂದರು.

ಹೇಳಿಯಾಗಿದೆ ಎಂದೆ.