ಟೈಲರಕ್ಕನ ಕಾಗದದ ಪಟ್ಟಿಗಳು

೨೦೦೭ ಆಗಸ್ಟ್ ೧೨, ಭಾನುವಾರ, ಮಧ್ಯಾಹ್ನ ೩.೧೦. ಬರೆಯಲು ಕೂತೆ.

ಟೈಲರಕ್ಕನ ಬಲಗೈ ಹೆಬ್ಬೆರಳಿನ ಬುಡದಲ್ಲಿ, ಕತ್ತರಿ ಹಿಡಿದು ಹಿಡಿದು, ಹುಣಸೆಬೀಜದಷ್ಟು ಗಾತ್ರದ ಗಟ್ಟಿ ಗಂಟೊಂದಿತ್ತು. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಒಂದೇ ಬಾಗಿಲಿನ ಅಂಗಡಿಯಲ್ಲಿ ಅವರೊಬ್ಬರೇ ಬ್ಲೌಸ್ ಹೊಲಿಯುತ್ತಿದ್ದರು. ಹಿಂದೆಲ್ಲೋ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದರಂತೆ. ಎಲ್ಲಿ ಎಂದು ಹೇಳಲಿಲ್ಲ.

ಹೋದ ವರ್ಷ ನಾನು ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ಫೇಲಾದೆ. ಜೊತೆಯವರು ಕಾಲೇಜಿನ ಅರ್ಜಿ ತಂದರು, ನಮ್ಮ ಮನೆ ಕಡೆ ಬರುವುದನ್ನು ಬಿಟ್ಟರು. ಜೂನಿನ ಮರುಪರೀಕ್ಷೆಯೂ ಹೋದರೆ ಓದು ಅಲ್ಲಿಗೆ ನಿಲ್ಲುವುದಿತ್ತು. ಅಮ್ಮನ ಬ್ಲೌಸ್ ತರಲು ಹೋದಾಗ ಇದನ್ನು ಹೇಳಿಬಿಟ್ಟೆ. "ನಾಳೆಯಿಂದ ಬಾ" ಎಂದರು. ನಮ್ಮೂರು ಮೇಗುಂದದಿಂದ ಇಪ್ಪತ್ತಾರು ದಿನ ಹೋದೆ.

ಅಳತೆಗೆ ಕತ್ತರಿಸಿ ಉಳಿದ ಹಳೆ ಪೇಪರಿನ ಪಟ್ಟಿಯ ಅಂಚಿನಲ್ಲಿ ಇಂಗ್ಲಿಷ್ ವಾಕ್ಯ ಬರೆದು, ಕತ್ತರಿಯನ್ನು ನನ್ನ ಕೈಗೇ ಕೊಡುತ್ತಿದ್ದರು. ಯಾರು ಎಂಬುದು ಎಡಕ್ಕೆ, ಏನು ಮಾಡಿದರು ಎಂಬುದು ಬಲಕ್ಕೆ. ಕ್ರಿಯಾಪದ ಶುರುವಾಗುವಲ್ಲೇ ಕತ್ತರಿಸಬೇಕು. ಮೊದಲ ದಿನ ಹತ್ತರಲ್ಲಿ ಏಳು ತಪ್ಪು. 'ದಿ ಓಲ್ಡ್ ವುಮನ್ ಇನ್ ಅವರ್ ಹೌಸ್ ಈಸ್ ಕುಕಿಂಗ್' ಎಂಬುದನ್ನು 'ಹೌಸ್' ಆದಮೇಲೆ ಕತ್ತರಿಸದೆ, 'ವುಮನ್' ಆದಕೂಡಲೇ ಕತ್ತರಿಸಿದೆ.

"ಅಯ್ಯೋ ಮಾರಾಯ್ತಿ, ಅಜ್ಜಿಯನ್ನ ಮನೆಯಿಂದ ಹೊರಗೆ ಹಾಕಿದ್ಯಲ್ಲೇ! ಈಗ ಅಡುಗೆ ಯಾರು ಮಾಡ್ತಾರೆ?"

ಆ ಬೇಸಿಗೆಯಲ್ಲಿ ನಾನು ನಕ್ಕಿದ್ದು ಅಂದೇ ಮೊದಲು.

ಇಪ್ಪತ್ತನೆಯ ದಿನ ಹತ್ತಕ್ಕೆ ಹತ್ತೂ ಸರಿ. ಧೈರ್ಯ ಬಂದು, "ಅಕ್ಕ, ನಿಮ್ಮ ಬಗ್ಗೆ ಒಂದು ವಾಕ್ಯ ಬರೀರಿ" ಎಂದೆ.

"ನಂದೆಂತ ಬರೆಯೋದು ಕೂಸೇ? ಹೆಸರು ಬರೀಬಹುದು. ಮುಂದೆ ಬರೆಯೋಕೆ ಎಂತದೂ ಇಲ್ಲ" ಎಂದು ಮಿಷನ್ ತುಳಿಯತೊಡಗಿದರು. ಅವರನ್ನು ನೋಡಲು ಯಾರಾದರೂ ಬಂದದ್ದನ್ನು ನಾನು ಕಾಣಲಿಲ್ಲ.

ಜೂನ್ ಪರೀಕ್ಷೆಯಲ್ಲಿ ಐವತ್ತೊಂದು ಅಂಕ ಬಂತು. ಹೇಳಲು ಓಡಿದರೆ ಅಂಗಡಿಗೆ ಬೀಗ. ಪಕ್ಕದ ಹೂವಿನಂಗಡಿಯವರು, "ಮೊನ್ನೆ ಮಿಷನ್ ಲಾರಿಗೆ ಹಾಕ್ಕೊಂಡು ಹೋದ್ರಮ್ಮ. ಎಲ್ಲಿಗೆ ಅಂತ ಕೇಳಿದ್ರೂ ಹೇಳ್ಲಿಲ್ಲ. ಇದು ನಿಂಗಂತೆ" ಎಂದು ಒಂದು ಪಟ್ಟಿ ಕೊಟ್ಟರು. ಬಲಗಡೆಯ ತುಂಡು ಮಾತ್ರ: 'ಹ್ಯಾಸ್ ಪಾಸ್ಡ್.' ಫಲಿತಾಂಶ ಬರುವ ಮೊದಲೇ ಬರೆದಿಟ್ಟಿದ್ದರು.

ಎಡಕ್ಕೆ ನನ್ನ ಹೆಸರು ಬರೆದು ಅಂಟಿಸಿದೆ. ಪಟ್ಟಿಗಳನ್ನು ಕೂಡಿಟ್ಟ ನನ್ನ ಡಬ್ಬಿಯಲ್ಲಿ ಈಗ ಇನ್ನೂರ ಹದಿನಾಲ್ಕು ಪಟ್ಟಿಗಳಿವೆ. ಇಂದು ಮತ್ತೆ ಎಣಿಸಿದೆ. ಒಂದರಲ್ಲಿ 'ಟೈಲರಕ್ಕ' ಎಂದಷ್ಟೇ ಇದೆ. ಅದು ನಾನು ಬರೆದದ್ದು, ಬಲಗಡೆ ಖಾಲಿ. ಅವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಇದನ್ನು ಓದುವವರಲ್ಲಿ ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಒಂದು ವಾಕ್ಯ ಸಾಕು.