ಟೀವಿಯೊಳಗಿನ ಚೆಂಡಾಟ

ಹೊನ್ನಾಳಿಯ ನಮ್ಮ ಮನೆಗೆ ಟೀವಿ ಬಂದಾಗ ಅದರಲ್ಲಿ ನೋಡಲು ಏನೂ ಇರಲಿಲ್ಲ. ಮಾಳಿಗೆಯ ಮೇಲೆ ಎಷ್ಟು ಎತ್ತರಕ್ಕೆ ಆಂಟೆನಾ ಕಟ್ಟಿದರೂ ನುಚ್ಚು ಚೆಲ್ಲಿದಂತೆ ಬರೀ ಚುಕ್ಕೆಗಳು. ಕೊಂಡು ತಂದವರು ನನ್ನ ಭಾವ, ಅಂದರೆ ಗಂಡನ ಅಣ್ಣ. ಊರಿನವರು ಆಡಿಕೊಳ್ಳುವ ಮೊದಲೇ ಅವರು ಬೊಂಬಾಯಿಯ ಗೆಳೆಯನಿಂದ ಒಂದು ವಿಡಿಯೋ ಗೇಮ್ ತರಿಸಿದರು. ಸಣ್ಣ ಡಬ್ಬಿ, ಅದಕ್ಕೆ ವೈರಿನಲ್ಲಿ ಎರಡು ತಿರುಗಿಸುವ ಗುಂಡಿ. ಟೀವಿಗೆ ಜೋಡಿಸಿದರೆ ಎರಡು ಬದಿಗೆ ಎರಡು ಬಿಳಿ ಗೆರೆ, ನಡುವೆ ಪುಟಿಯುವ ಬಿಳಿ ಚುಕ್ಕೆ. ಗೆರೆಯೇ ಬ್ಯಾಟು, ಚುಕ್ಕೆಯೇ ಚೆಂಡು. ಮೊದಲು ಹದಿನೈದು ಅಂಕ ಮುಟ್ಟಿದವರು ಗೆದ್ದ ಹಾಗೆ.

ಸಂಜೆ ಅಂಗಡಿ ಮುಚ್ಚಿ ಬಂದು ಭಾವ ಪಡಸಾಲೆಯಲ್ಲಿ ಕೂರುತ್ತಿದ್ದರು. ಬಂದವರನ್ನೆಲ್ಲ ಸೋಲಿಸುವುದು ಅವರ ಕೆಲಸ, ಸೋತವರಿಗೆ ಚಹಾ ಕೊಡುವುದು ನನ್ನದು.

ಒಮ್ಮೆ ನನ್ನನ್ನು ನೋಡಲು ಜಗಳೂರಿನಿಂದ ಅಪ್ಪ ಬಂದರು. ಭಾವ ಅವರ ಕೈಗೂ ಗುಂಡಿ ಕೊಟ್ಟರು. ಬೇಡವೆಂದರೂ ಬಿಡಲಿಲ್ಲ. ಅಪ್ಪ ಗುಂಡಿಯನ್ನು ತಿರುಗಿಸುವ ಬದಲು ಒತ್ತಿದರು, ಎಳೆದರು. ಒಂದು ಚೆಂಡೂ ಸಿಗಲಿಲ್ಲ. ಅಂಗಡಿಯ ಗೆಳೆಯರೆಲ್ಲ ನೋಡುತ್ತಿರುವಾಗ ಭಾವ, "ಇದು ಕುರಿ ಅಲ್ರೀ ಬೀಗರೆ, ಹೊಡೆದ ಕಡಿಗೆ ಹೋಗಾಕೆ" ಅಂದರು.

ಎಲ್ಲರೂ ನಕ್ಕರು. ಅಪ್ಪನ ಹತ್ತಿರ ಒಂದು ಹಿಂಡು ಕುರಿ ಇದ್ದದ್ದು ನಿಜ, ಅದಕ್ಕೆ ಅವರೆಂದೂ ನಾಚಿದವರಲ್ಲ. ಆವತ್ತು ನಾಚಿದರು. ಊಟಕ್ಕೂ ನಿಲ್ಲದೆ ಬಸ್ಸಿಗೆ ಹೊರಟುಬಿಟ್ಟರು. ಅವರು ಬಿಟ್ಟುಹೋದ ಗುಂಡಿ ಹಿಡಿದು ನನ್ನ ಗಂಡ ಆಟಕ್ಕೆ ಕೂತರು.

ಮರುದಿನ ಮಧ್ಯಾಹ್ನ ಗಂಡಸರು ಅಂಗಡಿಗೆ ಹೋದ ಮೇಲೆ ನಾನು ಟೀವಿ ಹಚ್ಚಿದೆ. ಸದ್ದಿಗೆ ಅತ್ತೆ ಎದ್ದು ಬಂದರು. ಬೈಯುತ್ತಾರೆಂದುಕೊಂಡರೆ, ಪಕ್ಕದಲ್ಲಿ ಕೂತು ಇನ್ನೊಂದು ಗುಂಡಿ ಹಿಡಿದರು. ಅಂದಿನಿಂದ ದಿನಾ ಅದೇ. ಚೆಂಡು ಬ್ಯಾಟಿನ ಅಂಚಿಗೆ ತಾಗಿದರೆ ಓರೆಯಾಗಿ ಹಾರುತ್ತದೆಂದು ಕಂಡುಕೊಂಡೆ. ಸಂಜೆ ಚಹಾ ಹಿಡಿದು ನಿಂತು ಭಾವನ ಆಟ ನೋಡುತ್ತಿದ್ದೆ: ಮೇಲಿನ ಮೂಲೆಗೆ ಹೋದ ಚೆಂಡಿಗೆ ಅವರು ಯಾವಾಗಲೂ ತಡ.

ಒಂದು ದಿನ ಅತ್ತೆ ಕೇಳಿದರು, "ಯಾರ ಮ್ಯಾಲಿನ ಸಿಟ್ಟೇ ಇದು?"

"ನಿಮ್ಮ ಹಿರೇ ಮಗನ ಮ್ಯಾಲಿಂದು."

"ಹಂಗಾದ್ರೆ ಸರಿಯಾಗಿ ಹೊಡಿ," ಅಂದರು.

ಬರೀ ಗೆಲುವು ನನಗೆ ಬೇಕಿರಲಿಲ್ಲ. ಭಾವನ ಮಾವ, ಅಂದರೆ ಅವರ ಹೆಂಡತಿಯ ಅಪ್ಪನ ಎದುರಿಗೇ ಬೇಕಿತ್ತು. ಅದಕ್ಕೆ ತಿಂಗಳುಗಟ್ಟಲೆ ಕಾದೆ. ಕೊನೆಗೆ ನ್ಯಾಮತಿಯಿಂದ ಆ ಹಿರಿಯರು ಗಂಡುಮಕ್ಕಳೊಂದಿಗೆ ಹಬ್ಬದೂಟಕ್ಕೆ ಬಂದರು. ಊಟವಾದ ಮೇಲೆ ಭಾವ ಭಾವಮೈದುನರನ್ನೆಲ್ಲ ಸೋಲಿಸಿ ಮೀಸೆ ತೀಡುತ್ತಿದ್ದಾಗ ಅತ್ತೆ ಒಳಗಿಂದಲೇ, "ಕಿರೇ ಸೊಸೆ ಜತಿಗೆ ಒಂದು ಆಟ ಆಡಪ್ಪ" ಅಂದರು. ಹೆಂಗಸರ ಜೊತೆಗೇನು ಆಟ ಎಂದು ಭಾವ ತಳ್ಳಿಹಾಕಿದರು. ಅವರ ಮಾವ ಮಾತ್ರ, ಆಡಲಿ ಬಿಡಿ, ನೋಡೋಣ ಎಂದು ನಕ್ಕರು. ಮಾವ ಹೇಳಿದ ಮೇಲೆ ಭಾವನಿಗೆ ಬೇರೆ ದಾರಿಯಿರಲಿಲ್ಲ.

ಸೆರಗು ಸಿಕ್ಕಿಸಿ ಕೂತೆ. ಪ್ರತಿ ಚೆಂಡನ್ನೂ ಮೇಲಿನ ಮೂಲೆಗೇ ಕಳಿಸಿದೆ. ಮೊದಮೊದಲು ಭಾವ ನಗುತ್ತಿದ್ದರು, ಆಮೇಲೆ ಗುಂಡಿ ಸರಿಯಿಲ್ಲ ಅಂದರು. ನನ್ನದನ್ನು ಅವರಿಗೆ ಕೊಟ್ಟು ಅವರದನ್ನು ತೆಗೆದುಕೊಂಡೆ. ಅವರ ಹಣೆ ಬೆವರಿತು. ಪಡಸಾಲೆಯಲ್ಲಿ ಟಕ್ ಟಕ್ ಸದ್ದೊಂದೇ. ನಾನು ಹದಿನೈದು ಮುಟ್ಟಿದಾಗ ಅವರ ಮಾವ, "ಹುಡುಗಿ ಯಾವೂರ್ರೀ?" ಎಂದು ಕೇಳಿದರು.

"ಜಗಳೂರ್ರೀ. ಕುರಿ ಸಾಕೋರ ಮನೆ," ಅಂದೆ, ಭಾವನ ಮುಖವನ್ನೇ ನೋಡುತ್ತ.

ಸುದ್ದಿ ಕೇಳಿ ಅಪ್ಪನಿಗೆ ಸಂತೋಷವಾಗಲಿಲ್ಲ. ಅದೇ ಮನೆಯಲ್ಲಿ ಬಾಳಬೇಕಾದವಳು, ಹೀಗೆ ಮಾಡಬಾರದಿತ್ತು ಅಂದರು. ಭಾವ ವರ್ಷದವರೆಗೆ ನನ್ನೊಡನೆ ಮಾತು ಬಿಟ್ಟರು. ನೀರು ಬೇಕಾದರೂ ಗೋಡೆಗೆ ಹೇಳುತ್ತಿದ್ದರು. ಅದರಷ್ಟು ಹಿತವಾದ ವರ್ಷವನ್ನು ನಾನು ಆ ಮನೆಯಲ್ಲಿ ಕಂಡಿಲ್ಲ. ಒಂದೇ ಕೊರಗು: ಅವರಿಗೆ ಒಂದು ಅಂಕವನ್ನೂ ಬಿಡಬಾರದೆಂದುಕೊಂಡಿದ್ದೆ, ಎರಡು ಬಿಟ್ಟೆ.